ವಿಡಿಯೊ ಕೊಡ್ತೀವಿ ಸಾಹೇಬ್ರ, ಮೊದ್ಲ ಬರದು ಕೊಡ್ರಿ

ಭಾಗ 1/10

ದೋಸ್ತರ, ಈ ವಾರ ರೀಲ್ ಇಲ್ಲ, ಓದೂದು ಐತಿ. ಹತ್ತು ಪೋಸ್ಟ್. ಚಹಾ ಕುಡ್ಕೋಂತ ಓದ್ರಿ, ಆದ್ರ ಅರ್ಧಕ್ಕ ಬಿಡಬ್ಯಾಡ್ರಿ.

ವಿಷಯ ಗಾಡಿಯೊಳಗಿನ ಕ್ಯಾಮೆರಾ. ನಿಪ್ಪಾಣಿಯಿಂದ ಕಾಗವಾಡದ ತನಕ ಹೊಸ ಕಾರು ತಗೊಂಡವರು ಸೀಟ್ ಕವರ್ ಜೊತೆಗೇ ಡ್ಯಾಶ್‌ಕ್ಯಾಮ್ ಕೂರಿಸುತ್ತಿದ್ದಾರೆ. ಲಾರಿ ಮಾಲೀಕರು ಡ್ರೈವರ್ ಮೇಲೆ ಕಣ್ಣಿಡೋದಕ್ಕೆ ಹಾಕಿಸುತ್ತಾರೆ. ನಮ್ಮ ಬೈಕ್ ಹುಡುಗರ ಹೆಲ್ಮೆಟ್ ಮೇಲೂ ಒಂದು ಕಣ್ಣು ಬಂದೈತಿ. ಅಂದರೆ ಕೊಗನೊಳ್ಳಿ ಟೋಲ್, ತವಂದಿ ಘಾಟ್, ಅಥಣಿಯಿಂದ ಕಾಗವಾಡ ಹಾದು ಮಿರಜಕ್ಕೆ ಹೋಗೋ ರಸ್ತೆ, ಇಲ್ಲೆಲ್ಲ ಏನಾದರೂ ನಡೆದರೆ ಅದು ಯಾರದೋ ಒಂದು ಮೆಮೊರಿ ಕಾರ್ಡಿನೊಳಗೆ ಇರೋ ಸಾಧ್ಯತೆ ದಿನಾ ಹೆಚ್ಚಾಗ್ತಾ ಐತಿ.

ಆ ಕಾರ್ಡು ಯಾರದು? ಪೊಲೀಸರು ಕೇಳಿದರೆ ಏನು ಮಾಡಬೇಕು?

ನಮ್ಮ ಕಡೆ ಎರಡು ಪಾರ್ಟಿ ಅದಾವ. ಒಂದು ಪಾರ್ಟಿ ಹೇಳೋದು, "ಪೊಲೀಸ್ರು ಕೇಳಿದ್ರಲ್ಲ, ಕಾರ್ಡ್ ಕಿತ್ತು ಕೊಟ್ಟು ಕೈ ಮುಗಿ, ತಲಿನೋವು ಬ್ಯಾಡ." ಇನ್ನೊಂದು ಪಾರ್ಟಿ, "ಡಿಲೀಟ್ ಹೊಡಿ, ಕ್ಯಾಮೆರಾ ಬಂದ್ ಇತ್ತು ಅಂತ ಹೇಳು, ನಮಗ್ಯಾಕ ಕೋರ್ಟು ಕಚೇರಿ?"

ಎರಡೂ ತಪ್ಪು. ಮೊದಲನೆಯದು ಹೆದರಿಕೆ, ಎರಡನೆಯದು ಸ್ವಾರ್ಥ. ಎರಡರೊಳಗೂ ಮೋಸ ಹೋಗೋದು ರಸ್ತೆ ಮ್ಯಾಲೆ ಬಿದ್ದವನ ಮನೆಯವರು.

ನನ್ನ ಮಾತು ಒಂದೇ ಸಾಲಿನಲ್ಲಿ ಹೇಳ್ತೀನಿ: ವಿಡಿಯೊ ಕೊಡಬೇಕು, ಕೊಡೋದು ನಮ್ಮ ಕರ್ತವ್ಯ. ಆದರೆ ಪೊಲೀಸರು ಅದನ್ನು ಬರವಣಿಗೆಯಲ್ಲಿ ಕೇಳಬೇಕು, ಬೇಕಾದಷ್ಟೇ ಕೇಳಬೇಕು, ತಗೊಂಡಿದ್ದಕ್ಕೆ ರಸೀದಿ ಕೊಡಬೇಕು. ಬಾಯಿಮಾತಿನ ದರ್ಬಾರು ಸಾಕು.

ಭಾಗ 2/10

ಮೊದಲು ಡಿಲೀಟ್ ಪಾರ್ಟಿಗೆ ಉತ್ತರ. ಲೆಕ್ಕದಾಗ ಹೇಳ್ತೀನಿ, ನೋಡ್ರಿ.

2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ 1,68,491 ಜನ ಸತ್ತರು. ಇದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಅಂಕಿ. ಅದರಲ್ಲಿ 30,486 ಜನ ಗುದ್ದಿ ಓಡಿಹೋದ ಗಾಡಿಗಳಿಂದ ಸತ್ತವರು.

ಓಡಿಹೋದ ಗಾಡಿ ಸಿಗಲೇ ಇಲ್ಲ ಅಂದರೆ ಸತ್ತವರ ಮನೆಗೆ ಸರ್ಕಾರ ಕೊಡೋದು 2 ಲಕ್ಷ ರೂಪಾಯಿ. 2022ರ ಏಪ್ರಿಲ್ 1ರಿಂದ ಜಾರಿಯಾದ ಯೋಜನೆ ಅದು. ಅದಕ್ಕೂ ಮುಂಚೆ 25,000 ಇತ್ತು. ತೀವ್ರ ಗಾಯಕ್ಕೆ 50,000. ಮುಗೀತು.

ಗಾಡಿ ಸಿಕ್ಕರೆ? ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು, ವಿಮಾ ಕಂಪನಿ ದುಡ್ಡು ಕೊಡಬೇಕು. ಸುಪ್ರೀಂ ಕೋರ್ಟ್ 2009ರ ಸರ್ಲಾ ವರ್ಮಾ ಮತ್ತು 2017ರ ಪ್ರಣಯ್ ಸೇಥಿ ತೀರ್ಪುಗಳಲ್ಲಿ ಲೆಕ್ಕದ ಸೂತ್ರ ಕೊಟ್ಟೈತಿ. ಉದಾಹರಣೆಗೆ, 30 ವರ್ಷದ ಒಬ್ಬ ಕಬ್ಬು ಕಡಿಯೋನು, ತಿಂಗಳ ದುಡಿಮೆ 15,000 ಅಂತ ಕೋರ್ಟ್ ಒಪ್ಪಿತು ಅನ್ನೋಣ. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು, ತಾಯಿ. ಮುಂದಿನ ದುಡಿಮೆ ಬೆಳೀತದ ಅಂತ ನೂರಕ್ಕೆ 40 ಸೇರಿಸಿದರೆ 21,000. ವರ್ಷಕ್ಕೆ 2,52,000. ಅವನ ಸ್ವಂತ ಖರ್ಚು ಅಂತ ಕಾಲು ಭಾಗ ಕಳೆದರೆ 1,89,000. ಆ ವಯಸ್ಸಿಗೆ ಗುಣಕ 17. ಗುಣಿಸಿದರೆ 32,13,000 ರೂಪಾಯಿ.

2 ಲಕ್ಷಕ್ಕೂ 32 ಲಕ್ಷಕ್ಕೂ ನಡುವೆ ಇರೋದು ಏನು ಗೊತ್ತೇನ್ರಿ? ಒಂದು ನಂಬರ್ ಪ್ಲೇಟ್. ಕೆಎ-23 ಇರಲಿ, ಎಂಎಚ್-09 ಇರಲಿ, ಎಂಎಚ್-10 ಇರಲಿ. ಆ ಪ್ಲೇಟು ನಿನ್ನ ಕಾರಿನ ಕ್ಯಾಮೆರಾದೊಳಗೆ ಎರಡು ಸೆಕೆಂಡ್ ಬಂದು ಹೋಗಿರ್ತದ. ನೀ "ನಮಗ್ಯಾಕ" ಅಂತ ಒತ್ತಿದ ಡಿಲೀಟ್ ಬಟನ್ನಿನ ಬೆಲೆ ಒಂದು ಮನೆಯ 30 ಲಕ್ಷ. ಆ ಎರಡು ಮಕ್ಕಳ ಶಾಲೆ ಅದರೊಳಗೆ ಐತಿ.

ಭಾಗ 3/10

"ಸುಮ್ನ ಕುಂತ್ರ ಯಾರ ಏನ್ ಮಾಡ್ತಾರ?" ಅಂತ ಕೇಳೋರಿಗೆ ಇದು.

ಸಾಕ್ಷಿ ಆಗಬಾರದು ಅನ್ನೋ ಉದ್ದೇಶದಿಂದಲೇ ಎಲೆಕ್ಟ್ರಾನಿಕ್ ದಾಖಲೆ ನಾಶ ಮಾಡೋದು ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಮಿನ ಪ್ರಕಾರ ಅಪರಾಧ. ತಪ್ಪು ಮಾಡಿದವನನ್ನು ಉಳಿಸಲು ಸಾಕ್ಷ್ಯ ಅಳಿಸಿದರೆ 238ನೇ ಕಲಮು. ಡ್ಯಾಶ್‌ಕ್ಯಾಮ್ ತಾನಾಗಿಯೇ ಹಳೇ ವಿಡಿಯೊ ಮ್ಯಾಲೆ ಹೊಸದು ಬರೆದುಕೊಂಡು ಹೋಗೋದು ಬೇರೆ, ನೀನು ಕೂತು ಅಳಿಸೋದು ಬೇರೆ.

ಆದರೂ ಶಿಕ್ಷೆ ತೋರಿಸಿ ಹೆದರಿಸೋದು ನನ್ನ ಕೆಲಸ ಅಲ್ಲ. ಜನ ಯಾಕ ಅಳಿಸ್ತಾರ ಅನ್ನೋದನ್ನ ನೋಡಬೇಕು. ನಮ್ಮ ಕಾಕಾ ಮಾಮಾಗಳನ್ನು ಕೇಳ್ರಿ. ಕಬ್ಬಿನ ಹಂಗಾಮಿನೊಳಗೆ ಒಂದು ದಿನ ಗಾಡಿ ನಿಂತರೆ ಒಂದು ಟ್ರಿಪ್ಪಿನ ದುಡಿಮೆ ಹೋಯ್ತು. ಸ್ಟೇಷನ್ನಿಗೆ ಕರೆದು ಮಧ್ಯಾಹ್ನದ ತನಕ ಕೂರಿಸಿದರೆ? ಕ್ಯಾಮೆರಾ ಕಿತ್ಕೊಂಡು ಆರು ತಿಂಗಳು ಕೊಡದಿದ್ದರೆ? ನೋಡಿದವನನ್ನೇ ಗುದ್ದಿದವನು ಅಂತ ತಿರುಗಿಸಿದರೆ? ಈ ಹೆದರಿಕೆ ಸುಳ್ಳಲ್ಲ.

ಇದೇ ಹೆದರಿಕೆ ಹಿಂದೆ ಗಾಯಾಳುವನ್ನು ಆಸ್ಪತ್ರೆಗೆ ಒಯ್ಯೋ ವಿಷಯದಲ್ಲೂ ಇತ್ತು. ಅದಕ್ಕೆ ಉತ್ತರ ಆಗಿ ಸುಪ್ರೀಂ ಕೋರ್ಟ್ 2016ರ ಮಾರ್ಚ್ 30ರಂದು ಸೇವ್‌ಲೈಫ್ ಫೌಂಡೇಶನ್ ಪ್ರಕರಣದಲ್ಲಿ ನೆರವಿಗೆ ಬಂದವರ ರಕ್ಷಣೆಯ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ನಮ್ಮ ಕರ್ನಾಟಕವೇ ದೇಶದಲ್ಲಿ ಮೊದಲು ಇದಕ್ಕೆ ಸ್ವಂತ ಕಾಯ್ದೆ ಮಾಡಿದ ರಾಜ್ಯ, 2016ರ ಕಾಯ್ದೆ ಅದು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ 134ಎ ಕಲಮು ಸೇರಿತು.

ಗಾಯಾಳುವನ್ನು ಎತ್ತಿದ ಕೈಗೆ ರಕ್ಷಣೆ ಐತಿ. ಗುದ್ದಿದವನ ನಂಬರ್ ತೋರಿಸಿದ ಕೈಗೆ ಅಂಥದೇ ರಕ್ಷಣೆ ಯಾಕ ಬ್ಯಾಡ? ಇದು ನನ್ನ ಮೊದಲ ಪ್ರಶ್ನೆ. ನೆನಪಿಟ್ಕೊಳ್ರಿ, 9ನೇ ಭಾಗದಾಗ ಮತ್ತ ಬರ್ತೈತಿ.

ಭಾಗ 4/10

ಈಗ ಇನ್ನೊಂದು ಪಾರ್ಟಿ. "ಪೊಲೀಸ್ರು ಕೇಳಿದ್ರ ಕೊಡ್ಬೇಕಪಾ, ಕಾನೂನು ಐತಿ."

ಹೌದು, ಐತಿ. ಆದ್ರ ಆ ಕಾನೂನು ಏನು ಹೇಳ್ತೈತಿ ಅಂತ ಓದಿದೀರೇನು?

2024ರ ಜುಲೈ 1ರಿಂದ ಹಳೇ ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು. ಅದರ 94ನೇ ಕಲಮು ನೋಡ್ರಿ. ತನಿಖೆಗೆ ಬೇಕಾದ ದಾಖಲೆ, ಎಲೆಕ್ಟ್ರಾನಿಕ್ ಮಾಹಿತಿ, ಡಿಜಿಟಲ್ ಸಾಕ್ಷ್ಯ ಇರಬಹುದಾದ ಸಾಧನ ಇವನ್ನು ಹಾಜರುಪಡಿಸು ಅಂತ ಕೋರ್ಟು ಸಮನ್ಸ್ ಕೊಡಬಹುದು, ಠಾಣೆಯ ಉಸ್ತುವಾರಿ ಅಧಿಕಾರಿ ಲಿಖಿತ ಆದೇಶ ಕೊಡಬಹುದು.

ಮೂರು ವಿಷಯ ತಲೆಯೊಳಗೆ ಇಟ್ಕೊಳ್ರಿ.

ಒಂದು, ಆದೇಶ ಲಿಖಿತ ಇರಬೇಕು. ಕಾಗದದ ಮೇಲೂ ಇರಬಹುದು, ಎಲೆಕ್ಟ್ರಾನಿಕ್ ರೂಪದಲ್ಲೂ ಇರಬಹುದು. "ಏ ಬಾರೋ ಇಲ್ಲಿ, ಕಾರ್ಡ್ ತೆಗಿ" ಅನ್ನೋದು ಆದೇಶ ಅಲ್ಲ.

ಎರಡು, ಕೊಡೋ ಅಧಿಕಾರ ಠಾಣೆಯ ಉಸ್ತುವಾರಿ ಹೊತ್ತವರದು. ನಾಕಾದೊಳಗೆ ನಿಂತ ಯಾರೋ ಒಬ್ಬರು ತಮ್ಮ ಲೆಕ್ಕದಲ್ಲಿ ಕೇಳಿದರೆ 94ನೇ ಕಲಮು ಅವರ ಬೆನ್ನಿಗೆ ನಿಲ್ಲೋದಿಲ್ಲ.

ಮೂರು, ಇದು ಯಾರಿಗೂ ಗೊತ್ತಿಲ್ಲದ ಬಂಗಾರದಂಥ ಸಾಲು. ಬರೀ ವಸ್ತು ಹಾಜರುಪಡಿಸು ಅಂತ ಕೇಳಿದ್ದರೆ ನೀವೇ ಹೋಗಬೇಕಂತಿಲ್ಲ, ಬೇರೆಯವರ ಕೈಲಿ ಕಳಿಸಿದರೂ ಆದೇಶ ಪಾಲಿಸಿದ ಹಾಗೆಯೇ. ಅಪ್ಪ ಗಾಡಿ ತಗೊಂಡು ಉಗಾರಕ್ಕೆ ಹೋಗಿದ್ದರೆ ತಮ್ಮ ಒಯ್ದು ಕೊಟ್ಟರೆ ಸಾಕು.

ಹುಡುಗೇರಿಗೆ ಇನ್ನೊಂದು ಮಾತು. ಸಾಕ್ಷಿಯಾಗಿ ಹೇಳಿಕೆ ಕೊಡಲು ಮಹಿಳೆಯರನ್ನು, 15 ವರ್ಷದೊಳಗಿನ ಮತ್ತು 60 ದಾಟಿದ ಗಂಡಸರನ್ನು ಅವರು ಇರೋ ಜಾಗ ಬಿಟ್ಟು ಬೇರೆ ಕಡೆ ಬರಲು ಪೊಲೀಸರು ಒತ್ತಾಯಿಸೋ ಹಾಗಿಲ್ಲ. 179ನೇ ಕಲಮು. ಅಮ್ಮನ ಸ್ಕೂಟಿಯ ಹಿಂದೆ ಕೂತು ನೀನು ಶೂಟ್ ಮಾಡಿದ ವಿಡಿಯೊಕ್ಕಾಗಿ ಅಮ್ಮ ಸ್ಟೇಷನ್ ಮೆಟ್ಟಿಲು ಹತ್ತಬೇಕಾಗಿಲ್ಲ.

ಭಾಗ 5/10

"ಮುಚ್ಚಿಡೂದು ಏನೂ ಇಲ್ಲಂದ್ರ ಪೂರ್ತಿ ಕಾರ್ಡ್ ಕೊಡಾಕ ಏನ್ ತ್ರಾಸು?"

ಈ ಮಾತು ಬಾಳ ಸಲ ಕೇಳೀನಿ. ಉತ್ತರ ಕೊಡ್ತೀನಿ.

ಒಂದು ಕಾರ್ಡಿನೊಳಗೆ ಅಪಘಾತದ ಎರಡು ನಿಮಿಷ ಅಷ್ಟೇ ಇರೋದಿಲ್ಲ. ಅದಕ್ಕೂ ಮುಂಚಿನ ಹಲವು ತಾಸು, ಕೆಲವು ಸಲ ಹಲವು ದಿನ ಇರ್ತಾವ. ಅಕ್ಕನ್ನ ಯಾವ ಡಾಕ್ಟರ್ ಹತ್ತಿರ ಕರ್ಕೊಂಡು ಹೋದಿರಿ, ಯಾರ ಮನೆಗೆ ಸಾಲ ಕೇಳಾಕ ಹೋದಿರಿ, ಅಣ್ಣ ಯಾರ ಜೋಡಿ ಮಾತಾಡಿದ, ಎಲ್ಲ. ಬಾಳಷ್ಟು ಕ್ಯಾಮೆರಾಗಳಲ್ಲಿ ಮೈಕ್ ಇರ್ತೈತಿ. ಗಾಡಿಯೊಳಗಿನ ಜಗಳ, ಅಳು, ಮದುವಿ ಮಾತು, ಯಾರ ಮ್ಯಾಲೋ ಬೈದಿದ್ದು ಎಲ್ಲ ಅದರೊಳಗೆ ಐತಿ. ಅಪಘಾತದ ತನಿಖೆಗೆ ನಮ್ಮ ಮನೆಯ ಮದುವೆ ಮಾತು ಯಾಕ ಬೇಕು?

ಖಾಸಗಿತನ ಶ್ರೀಮಂತರ ಶೋಕಿ ಅಲ್ಲ. ಅದು ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದರು. ಆ ಕೇಸು ಹಾಕಿದವರು ಕೆ.ಎಸ್. ಪುಟ್ಟಸ್ವಾಮಿ, ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಸರ್ಕಾರ ಖಾಸಗಿತನದೊಳಗೆ ಕೈ ಹಾಕಬೇಕಾದರೆ ಕಾನೂನು ಇರಬೇಕು, ಸರಿಯಾದ ಕಾರಣ ಇರಬೇಕು, ಬೇಕಾದ ಅಳತೆ ಮೀರಬಾರದು. ಆ ತೀರ್ಪಿನ ತಿರುಳು ಇದು.

ಹೊರಗಿನ ಕಥಿನೂ ಕೇಳ್ರಿ. 2024ರಲ್ಲಿ ಅಮೆರಿಕದ ಓಕ್ಲಂಡ್ ಪೊಲೀಸರು ಒಂದು ಕೊಲೆಯ ತನಿಖೆಯಲ್ಲಿ, ಹೋಟೆಲ್ ಪಾರ್ಕಿಂಗಿನಲ್ಲಿ ನಿಂತಿದ್ದ ಕೆನಡಾ ಪ್ರವಾಸಿಯೊಬ್ಬರ ಟೆಸ್ಲಾ ಕಾರಿನ ಕ್ಯಾಮೆರಾಕ್ಕಾಗಿ ಕಾರನ್ನೇ ಎತ್ತಿಕೊಂಡು ಹೋಗಲು ವಾರಂಟ್ ಪಡೆದರು. ಮಾಲೀಕರು ಸಿಕ್ಕು ತಾವೇ ವಿಡಿಯೊ ಕೊಟ್ಟಿದ್ದಕ್ಕೆ ಕಾರು ಉಳಿಯಿತು. ಆ ಕಾರು ಯಾವ ತಪ್ಪೂ ಮಾಡಿರಲಿಲ್ಲ, ಸುಮ್ಮನೆ ನಿಂತಿತ್ತು. ಅಲ್ಲಿ ಕನಿಷ್ಠ ನ್ಯಾಯಾಧೀಶರ ಸಹಿ ಕೇಳಿದರು. ನಮ್ಮಲ್ಲಿ 94ನೇ ಕಲಮಿಗೆ ಠಾಣಾಧಿಕಾರಿಯ ಸಹಿ ಸಾಕು. ಅಷ್ಟು ಸುಲಭದ ಸಹಿಯನ್ನೂ ಕೇಳಬಾರದು ಅಂತೀರೇನು?

ಭಾಗ 6/10

ಕಾರ್ಡು, ಕ್ಯಾಮೆರಾ ಪೊಲೀಸರು ವಶಕ್ಕೆ ತಗೊಳ್ಳಂಗಿಲ್ಲ ಅಂತ ನಾನು ಹೇಳ್ತಾ ಇಲ್ಲ. ಸುಳ್ಳು ಹೇಳಿ ಲೈಕ್ ಗಿಟ್ಟಿಸೋದು ಬ್ಯಾಡ. ತುರ್ತು ಇದ್ದರೆ ಕಾರಣ ಬರೆದಿಟ್ಟು ವಾರಂಟ್ ಇಲ್ಲದೆ ಶೋಧ ಮಾಡೋ ಅಧಿಕಾರ 185ನೇ ಕಲಮಿನಲ್ಲಿ ಐತಿ. ಅಪರಾಧದ ಅನುಮಾನ ಹುಟ್ಟಿಸೋ ವಸ್ತುವನ್ನು ವಶಪಡಿಸೋ ಅಧಿಕಾರ 106ರಲ್ಲಿ ಐತಿ. ಕೆಲವು ಕೇಸಿನಲ್ಲಿ ಮೂಲ ಕಾರ್ಡೇ ಬೇಕಾಗ್ತೈತಿ, ಅದೂ ನಿಜ.

ಆದ್ರ ಅಧಿಕಾರದ ಬೆನ್ನಿಗೇ ಜವಾಬ್ದಾರಿನೂ ಬರದಾರ. 105ನೇ ಕಲಮಿನ ಪ್ರಕಾರ ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕು, ಪಟ್ಟಿ ಮಾಡಬೇಕು, ಸಾಕ್ಷಿಗಳ ಸಹಿ ಹಾಕಿಸಬೇಕು, ತಡ ಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ನಮ್ಮ ವಿಡಿಯೊ ತಗೊಳ್ಳೋರು ತಾವು ತಗೊಂಡಿದ್ದನ್ನೂ ವಿಡಿಯೊ ಮಾಡಬೇಕು. ಚಂದ ಐತಲ್ಲ?

ತಗೊಂಡ ವಸ್ತು ಠಾಣೆಯಲ್ಲಿ ಧೂಳು ತಿನ್ನಬಾರದು ಅಂತ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ 2002ರಲ್ಲೇ ಸುಪ್ರೀಂ ಕೋರ್ಟ್ ಹೇಳೈತಿ. 15 ದಿನದಿಂದ ಒಂದು ತಿಂಗಳು, ಅದಕ್ಕಿಂತ ಹೆಚ್ಚು ಠಾಣೆಯಲ್ಲಿ ಇಡೋ ಅಗತ್ಯ ಇಲ್ಲ ಅಂತ. ನಮ್ಮ ಠಾಣೆಗಳ ಕಾಂಪೌಂಡಿನೊಳಗೆ ಹುಲ್ಲು ಬೆಳೆಸಿಕೊಂಡು ನಿಂತ ಗಾಡಿಗಳನ್ನು ನೋಡಿದವರಿಗೆ ಈ ಸಾಲು ಓದಿ ನಗು ಬಂದೀತು.

ನಮ್ಮ ಹೈಕೋರ್ಟಿನ ಮಾತೂ ಐತಿ. 2021ರ ವೀರೇಂದ್ರ ಖನ್ನಾ ಪ್ರಕರಣ. ಅದು ಮೊಬೈಲ್ ಫೋನ್ ಕೇಸು, ಆದರೆ ಪ್ರಶ್ನೆ ಇದೇ: ಒಬ್ಬರ ಸಾಧನದೊಳಗಿನ ಖಾಸಗಿ ಮಾಹಿತಿಗೆ ಪೊಲೀಸರು ಎಷ್ಟು ದೂರ ಹೋಗಬಹುದು? ಸಾಧನ ತೆರೆದು ಶೋಧಿಸಲು ವಾರಂಟಿನ ದಾರಿ, ಜಪ್ತಿ ಮಾಡೋ ವಿಧಾನ, ಸಿಕ್ಕ ಮಾಹಿತಿ ಹೊರಗೆ ಹೋಗದಂತೆ ಕಾಯೋ ಹೊಣೆ ತನಿಖಾಧಿಕಾರಿಯದು, ಇದನ್ನೆಲ್ಲ ಕೋರ್ಟು ಬಿಡಿಸಿ ಹೇಳಿತು.

ನೀನೇ ಆರೋಪಿ ಆಗಿದ್ದರೆ? ಸಂವಿಧಾನದ 20(3)ನೇ ವಿಧಿ ನಿನ್ನ ವಿರುದ್ಧ ನೀನೇ ಸಾಕ್ಷಿ ಹೇಳು ಅಂತ ಒತ್ತಾಯಿಸೋದನ್ನು ತಡೀತದ. ಹಾಜರುಪಡಿಸು ಅನ್ನೋ ಸಮನ್ಸ್ ಆರೋಪಿಗೆ ಅನ್ವಯಿಸೋದಿಲ್ಲ ಅಂತ 1960ರ ದಶಕದಲ್ಲೇ ಶ್ಯಾಮಲಾಲ್ ಚೋಕ್ಸಿ ಪ್ರಕರಣದಲ್ಲಿ ತೀರ್ಮಾನ ಆಗೈತಿ. ಅಂಥ ಸಂದರ್ಭದಲ್ಲಿ ಇನ್‌ಸ್ಟಾಗ್ರಾಮ್ ಓದಬ್ಯಾಡ, ವಕೀಲರ ಹತ್ರ ಹೋಗು.

ಭಾಗ 7/10

ಈಗ ಗಟ್ಟಿ ವಾದಕ್ಕೆ ಬರ್ತೀನಿ. ಪೊಲೀಸರ ಪರವಾಗಿ ಯಾರಾದರೂ ಪ್ರಾಮಾಣಿಕವಾಗಿ ಹೇಳಬಹುದಾದ ಮಾತು ಇದು:

"ತಮ್ಮಾ, ನೀ ಕಾಗದ ಕೇಳ್ಕೋಂತ ಕುಂತ್ರ ಗುದ್ದಿದವ ಅರ್ಧ ತಾಸಿನ್ಯಾಗ ಮಿರಜ ಮುಟ್ಟಿರ್ತಾನ. ಕೊಗನೊಳ್ಳಿ ದಾಟಿದ್ರ ಕಾಗಲ. ಇದು ಬಾರ್ಡರ್ ಏರಿಯಾ."

ಒಪ್ತೀನಿ. ಸಮಯ ಮುಖ್ಯ. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿದಾಗ ಶಂಕಿತ ಓಡಾಡಿದ್ದು ಬಿಎಂಟಿಸಿ ಬಸ್ಸಿನ ಕ್ಯಾಮೆರಾದಲ್ಲಿ ಸಿಕ್ಕಿತ್ತು. ಅದು ಸರ್ಕಾರಿ ಬಸ್ಸು, ಕೇಳಲು ಯಾರ ಮನೆಗೂ ಹೋಗಬೇಕಿರಲಿಲ್ಲ. ಗಾಡಿಯ ಕ್ಯಾಮೆರಾ ಎಷ್ಟು ಉಪಯೋಗ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಆದ್ರ "ಬರದು ಕೊಡ್ರಿ" ಅಂದ್ರ ತಡ ಮಾಡ್ರಿ ಅಂತ ಅರ್ಥ ಅಲ್ಲ. ಆದೇಶ ಎಲೆಕ್ಟ್ರಾನಿಕ್ ರೂಪದಲ್ಲಿ ಇರಬಹುದು ಅಂತ ಕಾನೂನೇ ಹೇಳಿದ ಮೇಲೆ ಎರಡು ನಿಮಿಷದ ಕೆಲಸ ಅದು. ನಂಬರ್ ಪ್ಲೇಟನ್ನು ಸ್ಥಳದಲ್ಲೇ ತೋರಿಸ್ತೀವಿ, ಬೇಕಾದ್ರ ಓದಿ ಹೇಳ್ತೀವಿ, ವೈರ್‌ಲೆಸ್‌ನಲ್ಲಿ ಕೂಗ್ರಿ. ಅದಕ್ಕೆ ಯಾರೂ ಕಾಗದ ಕೇಳೋದಿಲ್ಲ. ಕಾಗದ ಬೇಕಾಗಿರೋದು ವಿಡಿಯೊ ಕೈ ಬದಲಾಗೋವಾಗ.

ಮತ್ತ ಕೇಳ್ರಿ, ಕಾಗದ ಪೊಲೀಸರನ್ನೇ ಉಳಿಸ್ತದ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಕೇಳ್ತದ. ಅದರಲ್ಲಿ ಎರಡು ಭಾಗ, ಸಾಧನ ಯಾರ ಕೈಯಲ್ಲಿತ್ತೋ ಅವರದು ಒಂದು, ತಜ್ಞರದು ಒಂದು. ಫೈಲಿನ ಹ್ಯಾಶ್ ಸಂಖ್ಯೆಯನ್ನೂ ಬರೀಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು, ಒಂದು ಚೂರು ಬದಲಾದರೂ ಸಂಖ್ಯೆ ಬದಲಾಗ್ತದ. ಹಳೇ ಕಾಯ್ದೆಯ ಕಾಲದಲ್ಲೇ, 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ತೀರ್ಪಿನಲ್ಲಿ, ನಕಲು ಹಾಜರುಪಡಿಸುವಾಗ ಪ್ರಮಾಣಪತ್ರ ಕಡ್ಡಾಯ ಅಂತ ಸುಪ್ರೀಂ ಕೋರ್ಟ್ ಹೇಳಿತ್ತು.

ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಕೈ ದಾಟಿ ಬಂದ ವಿಡಿಯೊದ ಗುಣಮಟ್ಟ ಇಳಿದಿರ್ತದ, ಮೂಲ ಫೈಲಿನ ಗುರುತು ಹೋಗಿರ್ತದ. ಎದುರಿನ ವಕೀಲರು ಬಿಡ್ತಾರೇನು? ಬಾಯಿಮಾತಿನಲ್ಲಿ ಕಿತ್ಕೊಂಡ ಕಾರ್ಡು ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅಂತ ಹೇಳೋರು ಇಲ್ಲ ಅಂದರೆ ತಪ್ಪಿತಸ್ಥ ನಗುತ್ತಾ ಹೊರಗೆ ಬರ್ತಾನ. ದರ್ಬಾರು ಮಾಡಿದ್ದರ ಲಾಭ ಅವನಿಗೇ.

ಭಾಗ 8/10

ಈ ಭಾಗ ನಮ್ಮವರಿಗೇ. ಸಿಟ್ಟು ಬಂದ್ರ ಬರಲಿ.

ಪೊಲೀಸರಿಗೆ ವಿಡಿಯೊ ಕೊಡಾಕ ಹೆದರೋ ಹುಡುಗರು ಅದೇ ವಿಡಿಯೊವನ್ನ ಹತ್ತು ನಿಮಿಷದಾಗ ಸ್ಟೋರಿಗೆ ಹಾಕ್ತಾರ. ಹಿಂದೆ ದುಃಖದ ಹಾಡು, ಮ್ಯಾಲೆ "ಆರ್‌ಐಪಿ", ಕೆಳಗ "ಫಾಲೋ ಮಾಡ್ರಿ". ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ರಿಫ್ಲೆಕ್ಟರ್ ಇಲ್ಲದ ಟ್ರಾಲಿಗೆ ಬೈಕ್ ಹೊಡೆದು ಒಬ್ಬ ಸತ್ತರೆ, ಅವನ ಮನೆಗೆ ಸುದ್ದಿ ಮುಟ್ಟೋ ಮುಂಚೆ ಅವನ ಮುಖ ಐವತ್ತು ಗ್ರೂಪಿನೊಳಗೆ ತಿರುಗ್ತೈತಿ. ಅವನ ತಂಗಿ ನಮ್ಮ ಕಾಲೇಜಿನಲ್ಲೇ ಓದ್ತಿರಬಹುದು. ಅವಳ ಫೋನಿಗೂ ಬರ್ತೈತಿ ಅದು.

ಇದು ಸಾಕ್ಷಿ ಹೇಳೋದಲ್ಲ. ಹೆಣದ ಮ್ಯಾಲೆ ವ್ಯೂಸ್ ಎಣಿಸೋದು.

ನ್ಯಾಯ ಕೊಡಿಸಾಕ ಹಾಕೀನಿ ಅಂತ ಹೇಳೋರಿಗೆ ಒಂದು ಪ್ರಶ್ನೆ. ಅರ್ಧ ಕಾಣೋ ನಂಬರ್ ಪ್ಲೇಟ್ ನೋಡಿ ನೀನು ತಪ್ಪು ಗಾಡಿ ಹೆಸರು ಹಾಕಿದರೆ, ಜನ ಹೋಗಿ ಆ ಡ್ರೈವರನ್ನು ಹೊಡೆದರೆ, ಹೊಣೆ ಯಾರದು? ಗಡಿ ಭಾಗದಲ್ಲಿ ಎಂಎಚ್ ಪ್ಲೇಟ್ ಕಂಡರೆ ಸಾಕು, ಕಮೆಂಟಿನೊಳಗೆ ಭಾಷಾ ಜಗಳ ಶುರು. ಒಂದು ಅಪಘಾತ ಕನ್ನಡ ಮರಾಠಿ ಜಗಳ ಆಗೋದಕ್ಕೆ ಒಂದು ಕ್ಯಾಪ್ಶನ್ ಸಾಕಾಗ್ತದ. ಗುದ್ದಿದ ಗಾಡಿಗೆ ಭಾಷೆ ಇಲ್ಲ. ಸತ್ತವನ ತಾಯಿ ಅಳೋದು ಎರಡೂ ಭಾಷೆಯಲ್ಲಿ ಒಂದೇ ಥರ.

ಇನ್ನು ಕೆಲವು ವಿಡಿಯೊ ಹಾಕೋದೇ ಅಪರಾಧ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡೋದು ನ್ಯಾಯ ಸಂಹಿತೆಯ 72ನೇ ಕಲಮಿನಲ್ಲಿ ಶಿಕ್ಷೆಗೆ ಅರ್ಹ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆ ಇನ್ನೂ ಬಿಗಿ. "ಮುಖ ಬ್ಲರ್ ಮಾಡೀನಿ" ಅಂದರೆ ಸಾಲದು, ಊರಿನ ಹೆಸರು, ಗಾಡಿ, ಅಂಗಿಯಿಂದಲೇ ನಮ್ಮ ಕಡೆ ಜನ ಗುರುತು ಹಿಡೀತಾರ.

ಪೊಲೀಸರಿಂದ ಖಾಸಗಿತನ ಬೇಕು ಅಂತ ಕೇಳೋ ನಾವು ಸತ್ತವರ ಖಾಸಗಿತನ ಮಾರಿ ತಿನ್ನಬಾರದು. ಮೊದಲು ನಮ್ಮ ಅಂಗಳ ಕಸ ಹೊಡಿಯೋಣ. ಆಮೇಲೆ ಸ್ಟೇಷನ್ ಬಾಗಿಲಿಗೆ ಹೋಗಿ ಹಕ್ಕು ಕೇಳೋಣ.

ಭಾಗ 9/10

ಹಾಗಾದರೆ ಏನು ಬೇಕು? ಡ್ಯಾಶ್‌ಕ್ಯಾಮ್ ಅಂತ ಹೆಸರು ಹಿಡಿದು ಹೇಳೋ ಪ್ರತ್ಯೇಕ ಕಾಯ್ದೆ ನಮ್ಮಲ್ಲಿ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಪರಾಧ ತನಿಖೆಗೆ ದೊಡ್ಡ ವಿನಾಯಿತಿ ಕೊಟ್ಟೈತಿ. ಅಂದಮೇಲೆ ನಿಯಮ ಕೇಳೋದು ನಮ್ಮ ಕೆಲಸ. ಬೆಳಗಾವಿ ಜಿಲ್ಲಾ ಪೊಲೀಸರಿಗೆ, ರಾಜ್ಯ ಗೃಹ ಇಲಾಖೆಗೆ, ನಮ್ಮ ಐದೂ ತಾಲೂಕಿನ ಶಾಸಕರಿಗೆ ಕೇಳಬೇಕಾದ್ದು ಇವು:

1. ಎಲ್ಲ ಠಾಣೆಗೆ ಒಂದೇ ನಮೂನೆಯ ಅರ್ಜಿ. ಪ್ರಕರಣದ ಸಂಖ್ಯೆ, ಸ್ಥಳ, ಯಾವ ಸಮಯದಿಂದ ಯಾವ ಸಮಯದವರೆಗಿನ ವಿಡಿಯೊ ಬೇಕು, ಕೇಳಿದ ಅಧಿಕಾರಿಯ ಹೆಸರು ಮತ್ತು ಸಹಿ. ಕನ್ನಡದಲ್ಲಿ, ಮರಾಠಿ ಮಾತ್ರ ಓದಬಲ್ಲ ಅಜ್ಜಂದಿರಿಗೆ ಮರಾಠಿಯಲ್ಲೂ.

2. ಮೊದಲು ನಕಲು. ಮೂಲ ಕಾರ್ಡೇ ಬೇಕಾದರೆ ಸೀಲ್ ಮಾಡಿ, ಪಂಚನಾಮೆ ಮಾಡಿ, ಮಾಲೀಕರಿಗೆ ರಸೀದಿ ಮತ್ತು ನಕಲು ಕೊಟ್ಟು ತಗೊಳ್ಳಬೇಕು. ಗಾಡಿ ನಿಲ್ಲಿಸಿಕೊಳ್ಳಬಾರದು.

3. ಕೇಸಿಗೆ ಸಂಬಂಧವಿಲ್ಲದ ಭಾಗ ನೋಡಬಾರದು, ಇಟ್ಟುಕೊಳ್ಳಬಾರದು, ಹಂಚಬಾರದು. ಹಂಚಿದವರ ಮೇಲೆ ಕ್ರಮ ಆಗಬೇಕು.

4. ವಿಡಿಯೊ ಕೊಟ್ಟವರಿಗೂ ನೆರವಿಗೆ ಬಂದವರ ಕಾಯ್ದೆಯ ರಕ್ಷಣೆ. 3ನೇ ಭಾಗದ ಪ್ರಶ್ನೆಗೆ ಉತ್ತರ ಇದು.

5. ಆನ್‌ಲೈನ್‌ನಲ್ಲಿ ಕೊಡೋ ದಾರಿ. ಬ್ರಿಟನ್ನಿನ ವೇಲ್ಸ್‌ನಲ್ಲಿ "ಆಪರೇಷನ್ ಸ್ನ್ಯಾಪ್" ಅಂತ ಐತಿ, ಜನ ಮನೆಯಿಂದಲೇ ಡ್ಯಾಶ್‌ಕ್ಯಾಮ್ ವಿಡಿಯೊ ಪೊಲೀಸರಿಗೆ ಕಳಿಸ್ತಾರ. ಜರ್ಮನಿಯ ಸರ್ವೋಚ್ಚ ನ್ಯಾಯಾಲಯ 2018ರ ಮೇ 15ರಂದು, ಎಡಬಿಡದೆ ರೆಕಾರ್ಡ್ ಮಾಡೋದು ದತ್ತಾಂಶ ಕಾನೂನಿಗೆ ವಿರುದ್ಧ, ಆದರೂ ಅಪಘಾತದ ವ್ಯಾಜ್ಯದಲ್ಲಿ ಆ ವಿಡಿಯೊ ಸಾಕ್ಷ್ಯ ಆಗಬಹುದು ಅಂತ ಹೇಳಿತು. ಖಾಸಗಿತನ ಮತ್ತು ನ್ಯಾಯ ಎರಡನ್ನೂ ತೂಗಬಹುದು ಅನ್ನೋದಕ್ಕೆ ಅದು ಉದಾಹರಣೆ.

ಮತ್ತೊಂದು ಮಾತು, ಸಾಹೇಬ್ರ. ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕು, ರೆಕಾರ್ಡಿಂಗ್ ತಿಂಗಳುಗಟ್ಟಲೆ ಉಳಿಸಬೇಕು ಅಂತ 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡೈತಿ. ಠಾಣೆಗಳಲ್ಲಿ ಕ್ಯಾಮೆರಾ ಕೆಲಸ ಮಾಡ್ತಿಲ್ಲ ಅನ್ನೋ ವಿಷಯವನ್ನು 2025ರ ಸೆಪ್ಟೆಂಬರಿನಲ್ಲಿ ಅದೇ ಕೋರ್ಟು ತಾನಾಗಿ ಕೈಗೆತ್ತಿಕೊಂಡಿತು. ನಮ್ಮ ಗಾಡಿಯ ಕಣ್ಣು ನಿಮಗ ತೆರೆದಿರಬೇಕಂದ್ರ, ನಿಮ್ಮ ಠಾಣೆಯ ಕಣ್ಣೂ ತೆರೆದಿರಬೇಕು.

ಭಾಗ 10/10

ಕೊನೇ ಪೋಸ್ಟ್. ಇದನ್ನ ಸೇವ್ ಮಾಡ್ಕೊಳ್ರಿ, ಅಪ್ಪ, ಕಾಕಾ, ಅಣ್ಣ ಯಾರು ಗಾಡಿ ಓಡಿಸ್ತಾರೋ ಅವರಿಗೆ ಓದಿ ಹೇಳ್ರಿ.

ಕ್ಯಾಮೆರಾದ ತಾರೀಖು, ಗಡಿಯಾರ ಇವತ್ತೇ ಸರಿ ಮಾಡ್ರಿ. ತಪ್ಪು ಸಮಯ ತೋರಿಸೋ ವಿಡಿಯೊ ಕೋರ್ಟಿನೊಳಗೆ ಕುಂಟ್ತದ.

ಒಳಗಿನ ಮೈಕ್ ಬೇಕಿಲ್ಲ ಅಂದರೆ ಬಂದ್ ಮಾಡ್ರಿ. ಮನೆ ಮಾತು ಮನೆಯಲ್ಲಿರಲಿ.

ಕಣ್ಣೆದುರು ಅಪಘಾತ ಆದರೆ ಮೊದಲು ಗಾಯಾಳು, 108ಕ್ಕೆ ಫೋನು. ಆಮೇಲೆ ಪೊಲೀಸರಿಗೆ 112. ಅದಾದ ಮೇಲೆ ಕ್ಯಾಮೆರಾದ ಲಾಕ್ ಬಟನ್ ಒತ್ತಿ, ಇಲ್ಲಂದ್ರ ಕೆಲವೇ ತಾಸಿನೊಳಗೆ ಅದರ ಮೇಲೆ ಹೊಸ ವಿಡಿಯೊ ಕೂರ್ತದ.

ಮೂಲ ಫೈಲ್ ಮುಟ್ಟಬ್ಯಾಡ್ರಿ. ಕತ್ತರಿಸೋದು, ಹಾಡು ಸೇರಿಸೋದು, ಬಣ್ಣ ಹಚ್ಚೋದು ಯಾವುದೂ ಬ್ಯಾಡ. ನಕಲು ಬೇರೆ ಇಟ್ಕೊಳ್ರಿ.

ಪೊಲೀಸರು ಕೇಳಿದರೆ ಮರ್ಯಾದೆಯಿಂದ ಮಾತಾಡ್ರಿ. "ಕೊಡ್ತೀನಿ ಸರ್, ಲಿಖಿತ ಆದೇಶ ಕೊಡ್ರಿ, ರಸೀದಿ ಕೊಡ್ರಿ" ಇಷ್ಟೇ. ಏರು ದನಿ ಬ್ಯಾಡ, ವಿಡಿಯೊ ಇಲ್ಲ ಅಂತ ಸುಳ್ಳೂ ಬ್ಯಾಡ. ಸರಿಯಾದ ಆದೇಶ ಬಂದ ಮೇಲೂ ಕೊಡೋದಿಲ್ಲ ಅಂದರೆ ಅದೂ ತಪ್ಪೇ. ಆದೇಶದ ಫೋಟೊ ತಗೊಂಡು ಮನೆಯವರಿಗೆ ಕಳಿಸಿಬಿಡ್ರಿ.

ಮತ್ತ ಸ್ಟೋರಿಗೆ ಹಾಕಬ್ಯಾಡ್ರಿ. ಕೇಸು ಮುಗಿಯೋ ತನಕ ಆ ವಿಡಿಯೊ ನಿಮ್ಮದೂ ಅಲ್ಲ, ನಿಮ್ಮ ಫಾಲೋವರ್ಸ್‌ದೂ ಅಲ್ಲ.

ಕಮೆಂಟಿನ್ಯಾಗ "ಇವ್ನೇನು ವಕೀಲಾ?" ಅಂತ ಕೇಳೋರು ಇರ್ತಾರ. ಅಲ್ಲ. ಆದರೆ ಕಾನೂನು ವಕೀಲರಿಗೆ ಅಷ್ಟೇ ಬರೆದಿಲ್ಲ. 94, 105, 63 ಈ ಮೂರು ನಂಬರು ನೆನಪಿಟ್ಟುಕೊಳ್ಳೋದು ಕ್ರಿಕೆಟ್ ಸ್ಕೋರ್ ನೆನಪಿಟ್ಟುಕೊಳ್ಳೋದಕ್ಕಿಂತ ಕಷ್ಟ ಅಲ್ಲ.

ಎಲ್ಲರ ಗಾಡಿಯಲ್ಲೂ ಕ್ಯಾಮೆರಾ ಬರೋ ಕಾಲ ದೂರ ಇಲ್ಲ. ಬಾಯಿಮಾತಿನ ರೂಢಿ ಒಮ್ಮೆ ಬೇರು ಬಿಟ್ಟರೆ ಆಮೇಲೆ ಕೀಳೋದು ಕಷ್ಟ. ಅದಕ್ಕ ಈಗಲೇ ಕೇಳಬೇಕು, ಎಲ್ಲರೂ ಕೂಡಿ ಕೇಳಬೇಕು. ಒಬ್ಬ ಕಾಗದ ಕೇಳಿದ್ರ "ಭಾರೀ ಶಾಣ್ಯಾ ಬಂದಾನ" ಅಂತಾರ. ಐದು ತಾಲೂಕಿನ ಹುಡುಗರು ಎಲ್ಲಾ ಕೇಳಿದ್ರ ಠಾಣೆಯಲ್ಲಿ ಅರ್ಜಿ ಪುಸ್ತಕ ತಾನಾಗೇ ಬರ್ತೈತಿ.

ಒಪ್ಪದಿದ್ದವರು ಕಾರಣ ಸಮೇತ ಬರೀರಿ, ಉತ್ತರ ಕೊಡ್ತೀನಿ. ಬೈಗುಳಕ್ಕ ಉತ್ತರ ಇಲ್ಲ.

#ಬರದು_ಕೊಡ್ರಿ #ವಿಡಿಯೊ_ಕೊಡ್ತೀವಿ #ಚಿಕ್ಕೋಡಿ #ನಿಪ್ಪಾಣಿ #ರಾಯಬಾಗ #ಅಥಣಿ #ಕಾಗವಾಡ